ವಸಂತವಾರ್ತಾ ದರ್ಪಣ: ಐದು ತಾಲ್ಲೂಕಿನ ಕಳ್ಳುಬಳ್ಳಿಯ ಸುದ್ದಿಶಾಸ್ತ್ರ

ವಿಷಯ ಪ್ರವೇಶ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಕೀರ್ತಿವರ್ಮ ದನಕರುಗಳ ಕಾಯಿಲೆಗೆ ‘ಗೋವೈದ್ಯ’ ಬರೆದ. ಮೂರನೆಯ ಮಂಗರಸ ಅಡುಗೆಗೆ ‘ಸೂಪಶಾಸ್ತ್ರ’ ಬರೆದ. ಕೇಶಿರಾಜ 13ನೆಯ ಶತಮಾನದಲ್ಲಿ ಭಾಷೆಯನ್ನೇ ಸೂತ್ರ, ವೃತ್ತಿ, ಪ್ರಯೋಗವೆಂದು ಬಿಡಿಸಿಟ್ಟು ‘ಶಬ್ದಮಣಿದರ್ಪಣ’ ಎಂದ. ಆದರೆ “ಮತ್ತೇನ್ ಸುದ್ದಿ?” ಎಂದು ಒಬ್ಬರು ಕೇಳಿ, “ಏನಿಲ್ಲ, ನೀವೇ ಹೇಳ್ರಿ” ಎಂದು ಇನ್ನೊಬ್ಬರು ಉತ್ತರಿಸಿದ ಮೇಲೂ ಮಾತು ಮುಕ್ಕಾಲು ಗಂಟೆ ನಡೆಯುವುದು ಯಾವ ನಿಯಮದ ಪ್ರಕಾರ ಎಂಬುದನ್ನು ಯಾವ ಪೂರ್ವಸೂರಿಯೂ ಹೇಳಿ ಹೋಗಿಲ್ಲ. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ. ತುಂಬಿ ತುಳುಕಿದರೆ ಪ್ರಬಂಧಕಾರ ಹೊಣೆಯಲ್ಲ.

ಅಧ್ಯಯನದ ಕ್ಷೇತ್ರ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕು. ಕಾಲ ವಸಂತ. ಇಲ್ಲೇ ಮೊದಲ ತೊಡಕು. ಪಂಚಾಂಗದ ಪ್ರಕಾರ ಚೈತ್ರ, ವೈಶಾಖಗಳು ವಸಂತ. ಈ ಸೀಮೆಯಲ್ಲಿ ವಸಂತ ಎಂಬ ಮಾತು ಶಾಲೆಯ ಪುಸ್ತಕದಲ್ಲೂ ಮದುವೆಯ ಕರೆಯೋಲೆಯಲ್ಲೂ ಕಾಣುತ್ತದೆಯೇ ಹೊರತು ಬಾಯಲ್ಲಿ ಬರುವುದಿಲ್ಲ. ಚಳಿ ಹೋದ ಮರುದಿನವೇ ಬ್ಯಾಸಗಿ. ಆದ್ದರಿಂದ ಪ್ರಬಂಧಕಾರ ಪಂಚಾಂಗವನ್ನು ಪಕ್ಕಕ್ಕಿಟ್ಟು, ಮಾಘದ ಭರತ ಹುಣ್ಣಿಮೆಯಿಂದ ಭರಣಿ ಮಳೆ ಮುಗಿಯುವ ತನಕದ ಅವಧಿಯನ್ನು ‘ವಾರ್ತಾವಸಂತ’ ಎಂದು ಘೋಷಿಸಿದ್ದಾನೆ. ಘೋಷಿಸಲು ಅಧಿಕಾರ ಕೊಟ್ಟವರು ಯಾರು ಎಂದು ಕೇಳುವವರು ಮುಂದಿನ ಪುಟಕ್ಕೆ ಹೋಗಬಹುದು.

ಪ್ರಯೋಗಕ್ಕೊಂದು ಮಾದರಿ ಕುಟುಂಬ ಬೇಕಾಗಿತ್ತು. ಅದನ್ನು ಕಲ್ಪಿಸಿಕೊಳ್ಳಲಾಗಿದೆ. ಅದರ ಸದಸ್ಯರಿಗೆ ಹೆಸರಿಟ್ಟಿಲ್ಲ, ಇಡುವ ಅಗತ್ಯವೂ ಬೀಳಲಿಲ್ಲ. ಬಳಗದಲ್ಲಿ ಹೆಸರು ಬೇಕಾಗುವುದು ರೇಷನ್ ಕಾರ್ಡಿಗೆ ಮಾತ್ರ, ಉಳಿದ ವ್ಯವಹಾರಕ್ಕೆಲ್ಲ ಊರೇ ಹೆಸರು. ಕೂಡ್ಲಿಗಿ ದೊಡ್ಡಪ್ಪ, ಕೊಟ್ಟೂರತ್ತಿ, ಬೊಮ್ಮನಹಳ್ಳಿ ಕಾಕಾ, ಹಡಗಲಿ ಚಿಗವ್ವ, ಹರಪನಹಳ್ಳಿ ಮಾವ. ಇವರ ಮಕ್ಕಳು ಮೊಮ್ಮಕ್ಕಳು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು, ಮೂಡಿಗೆರೆಯ ಕಾಫಿ ತೋಟ, ದುಬೈ ಮತ್ತು ಅಮೆರಿಕದಲ್ಲಿ ಚೆಲ್ಲಿಹೋಗಿದ್ದಾರೆ. ಕಾಕಾನ ಮಗನದಂತೂ ವಿಚಿತ್ರ ಯೋಗ. ಅವನು ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿದ್ದಾನೆ. ಹಬ್ಬಕ್ಕೆ ಅವನು ಬೊಮ್ಮನಹಳ್ಳಿಯಿಂದ ಬೊಮ್ಮನಹಳ್ಳಿಗೆ ಬರಲು ಒಂದು ರಾತ್ರಿಯ ಬಸ್ಸು ಹಿಡಿಯಬೇಕು.

ಪೂರ್ವಪಕ್ಷ

ವಿದ್ವಾಂಸರ ಆಕ್ಷೇಪಗಳನ್ನು ಮೊದಲು ಕೇಳೋಣ, ಉತ್ತರ ಹೇಳುವ ಹಂಗಿಲ್ಲದೆ.

ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟ. ಕೆಲವು ಮಾತುಗಳು ವಿಷಯ ತಿಳಿಸಲು ಹುಟ್ಟಿದವಲ್ಲ, ಆಡುವವರ ನಡುವೆ ನಂಟು ಕಟ್ಟಲು ಹುಟ್ಟಿದವು ಎಂದು. ಇದನ್ನು ಕಂಡುಹಿಡಿಯಲು ಅವನು ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಹೋಗಿ ವರ್ಷಗಟ್ಟಲೆ ಕೂತಿದ್ದ. ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಅರ್ಧ ದಿನ ಕೂತಿದ್ದರೆ ಸಾಕಾಗಿತ್ತು. “ಊಟ ಆತಾ?” “ಆತು, ನಿಮ್ದು?” “ಈಗ ಕುಂತೀವಿ.” “ಏನ್ ಮಾಡೀರಿ?” “ಏನ್ ಮಾಡಾದು, ಅದೇ ರೊಟ್ಟಿ, ಬದನೆಕಾಯಿ ಪಲ್ಲೆ.” ಈ ಸಂವಾದ ನಲವತ್ತು ವರ್ಷದಿಂದ ವಾರಕ್ಕೆ ಮೂರು ಬಾರಿ ನಡೆದಿದೆ. ಇದರಲ್ಲಿ ಎಂದೂ ಹೊಸದೊಂದು ಅಂಶ ಸೇರಿಲ್ಲ. ಸೇರಿದ ದಿನ, ಎಂದರೆ “ಇನ್ನೂ ಊಟ ಮಾಡಿಲ್ಲ” ಎಂದ ದಿನ, ಮನೆಯಲ್ಲಿ ಏನೋ ನಡೆದಿದೆ ಎಂದು ಅರ್ಥ. ಸಂಜೆಯೊಳಗೆ ಐದೂ ತಾಲ್ಲೂಕಿನಿಂದ ಫೋನು ಬರುತ್ತದೆ.

ರಾಬಿನ್ ಡನ್‌ಬಾರ್ ಎಂಬ ಇನ್ನೊಬ್ಬ ಪಂಡಿತ ಮನುಷ್ಯನ ಮಿದುಳಿನ ಗಾತ್ರ ಲೆಕ್ಕ ಹಾಕಿ, ಒಬ್ಬ ವ್ಯಕ್ತಿ ನಿಜವಾಗಿ ನಂಟು ಉಳಿಸಿಕೊಳ್ಳಬಲ್ಲದ್ದು ಸುಮಾರು 150 ಜನರೊಂದಿಗೆ ಎಂದ. ಕೊಟ್ಟೂರತ್ತಿಗೆ ಇದನ್ನು ವಿವರಿಸಿದರೆ ಆಕೆ ನಗುವುದಿಲ್ಲ, ಕನಿಕರಪಡುತ್ತಾಳೆ. ನೂರೈವತ್ತು ಎಂಬುದು ತೊಟ್ಟಿಲಿಗೆ ಹಾಕುವ ದಿನ “ಯಾರಿಗೂ ಹೇಳಿಲ್ಲ, ಮನಿ ಮಂದಿ ಅಷ್ಟೆ” ಎಂದಾಗ ಉಣ್ಣಲು ಕೂರುವವರ ಸಂಖ್ಯೆ.

ಮೂರನೆಯವರು ಇರಾವತಿ ಕರ್ವೆ. ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ ಅವರ ಮಹಾಗ್ರಂಥ 1953ರಲ್ಲಿ ಬಂತು. ಉತ್ತರದವರು ಹೆಣ್ಣನ್ನು ದೂರದ, ಗುರುತಿಲ್ಲದ ಮನೆಗೆ ಕೊಟ್ಟರೆ, ದಕ್ಷಿಣದವರು ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಕೊಟ್ಟು ಇದ್ದ ಬಳಗವನ್ನೇ ಮತ್ತೆ ಗಂಟು ಹಾಕುತ್ತಾರೆಂದು ಅವರು ತೋರಿಸಿದರು. ಸುದ್ದಿಶಾಸ್ತ್ರಕ್ಕೆ ಇದರ ಪರಿಣಾಮ ಗಂಭೀರವಾದದ್ದು. ಹರಪನಹಳ್ಳಿ ಮಾವ ಒಂದು ದಾರಿಯಲ್ಲಿ ಮಾವ, ಇನ್ನೊಂದು ದಾರಿಯಲ್ಲಿ ಅಣ್ಣ, ಹೆಂಡತಿಯ ಕಡೆಯಿಂದ ಹಿಡಿದರೆ ಅಳಿಯ. ಆದ್ದರಿಂದ ಯಾವುದೇ ಸುದ್ದಿ ಅವರ ಮನೆಗೆ ಮೂರು ದಾರಿಯಲ್ಲಿ, ಮೂರು ರೂಪದಲ್ಲಿ ಬರುತ್ತದೆ. ಮೂರನ್ನೂ ಅವರು ಮೊದಲ ಸಲ ಕೇಳಿದವರಂತೆ “ಹೌದಾ!” ಎಂದು ಕೇಳಬೇಕು. ಈ “ಹೌದಾ!” ಬಾರದವರು ಬಳಗದಲ್ಲಿ ಬಾಳಲಾರರು.

ವಿಳಾಸ ಪ್ರಕರಣ

ಸುದ್ದಿ ತಲುಪಬೇಕಾದರೆ ವಿಳಾಸ ನಿಂತಲ್ಲಿ ನಿಲ್ಲಬೇಕು. ಈ ಐದು ತಾಲ್ಲೂಕುಗಳಲ್ಲಿ ವಿಳಾಸ ನಿಂತದ್ದು ಅಪರೂಪ.

ಹರಪನಹಳ್ಳಿಯನ್ನೇ ನೋಡಿ. ಅಲ್ಲಿ 1953ಕ್ಕೂ ಮೊದಲು ಹುಟ್ಟಿದ ಹಿರಿಯರು ಮದರಾಸು ರಾಜ್ಯದಲ್ಲಿ ಕಣ್ಣು ಬಿಟ್ಟವರು. ಆ ವರ್ಷದ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂದರು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ಹರಪನಹಳ್ಳಿ ಬಳ್ಳಾರಿಯನ್ನು ಬಿಟ್ಟು ಅತ್ತ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ವಲಸೆಯನ್ನು ಮಾವ ಕಟ್ಟೆಯ ಮೇಲಿನ ತಮ್ಮ ಜಾಗದಿಂದ ಒಂದಿಂಚು ಕದಲದೆ ಮುಗಿಸಿದ್ದಾರೆ. ಕನ್ನಡದ ನಗೆಗಾರ ಬೀಚಿ 1913ರಲ್ಲಿ ಹುಟ್ಟಿದ್ದು ಇದೇ ಹರಪನಹಳ್ಳಿಯಲ್ಲಿ ಎಂಬುದು ಕಾಕತಾಳೀಯವೆಂದು ಪ್ರಬಂಧಕಾರ ನಂಬುವುದಿಲ್ಲ.

ಅಂಚೆ ಇಲಾಖೆ ಮಾತ್ರ ಈ ಗದ್ದಲಕ್ಕೆ ಕಿವಿಗೊಡಲಿಲ್ಲ. 1972ರ ಆಗಸ್ಟ್ 15ಕ್ಕೆ ಪಿನ್‌ಕೋಡ್ ಬಂತಲ್ಲ, ಆಗ ಈ ಐದಕ್ಕೂ 583 ಎಂಬ ಒಂದೇ ಮನೆತನದ ಹೆಸರು ಬಿತ್ತು. ಹರಪನಹಳ್ಳಿ ದಾವಣಗೆರೆಯ ಸೊಸೆಯಾಗಿದ್ದ 21 ವರ್ಷವೂ ಅದರ ಪಿನ್ 583131 ಎಂದೇ ಇತ್ತು. ತವರಿನ ಹೆಸರನ್ನು ಬಿಡದ ಹೆಣ್ಣುಮಗಳು.

ಕೊಟ್ಟೂರಿನದು ಬೇರೆ ಬಗೆ. ಅದು ಕೆಲವೇ ವರ್ಷಗಳ ಹಿಂದಿನ ತನಕ ಕೂಡ್ಲಿಗಿ ತಾಲ್ಲೂಕಿಗೆ ಸೇರಿತ್ತು, ಈಗ ಪಾಲಾಗಿ ಬೇರೆ ತಾಲ್ಲೂಕು. ಅಣ್ಣತಮ್ಮಂದಿರು ಪಾಲಾದ ಮನೆಯ ಹಾಗೆ ಇಲ್ಲೂ ದೊಡ್ಡಪ್ಪ “ಅವರು ನಮ್ಮವರೇ” ಎನ್ನುತ್ತಾರೆ, ಅತ್ತಿ “ನಾವು ಬ್ಯಾರೆ ಆಗೀವಿ” ಎನ್ನುತ್ತಾಳೆ. ಇನ್ನು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಗೆ ನೆಂಟರು ಬರುತ್ತೇವೆಂದರೆ ಯಾವ ಅರಸೀಕೆರೆ ಎಂದು ಎರಡು ಸಲ ಬಿಡಿಸಿ ಹೇಳಬೇಕು. ಇಲ್ಲವಾದರೆ ಅವರು ಹಾಸನ ಜಿಲ್ಲೆಯ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು ಅಲ್ಲಿಂದ ಫೋನು ಮಾಡುತ್ತಾರೆ.

ಸಂಧಿ ಪ್ರಕರಣ

ಈಗ ಶಾಸ್ತ್ರದ ತಿರುಳಿಗೆ ಬರಬೇಕು. ಕನ್ನಡ ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಊರು, ಅಲ್ಲಿ ಸೇರಿ ಊರಲ್ಲಿ ಆದಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮನೆ, ಅಲ್ಲಿ ಸೇರಿ ಮನೆಯಲ್ಲಿ ಆದಾಗ ಎಲ್ಲಿಂದಲೋ ಒಂದು ಯಕಾರ ಬಂದು ಕೂರುತ್ತದೆ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಇದ್ದ ಅಕ್ಷರವೇ ಬೇರೆಯಾಗುತ್ತದೆ. ಎರಡು ಪದ ಕೂಡುವ ಜಾಗದಲ್ಲಿ ನಡೆಯುವ ಈ ಮೂರು ಕ್ರಿಯೆಗಳು ಎರಡು ಮನೆ ಕೂಡುವ ಜಾಗದಲ್ಲೂ ನಡೆಯುತ್ತವೆ ಎಂಬುದು ಈ ಪ್ರಬಂಧದ ಶೋಧ.

ಪ್ರಯೋಗ: ಫಾಲ್ಗುಣದ ಒಂದು ಬೆಳಗ್ಗೆ ಕೂಡ್ಲಿಗಿ ದೊಡ್ಡಪ್ಪ ಹಲ್ಲುಜ್ಜುತ್ತ ಹಿತ್ತಲಿಗೆ ಹೋಗಿ ಕತ್ತೆತ್ತಿ ನೋಡುತ್ತಾರೆ. ಕೊಟ್ಟೂರತ್ತಿಗೆ ಫೋನಿನಲ್ಲಿ, “ನಮ್ಮ ಹಿತ್ತಲ ಮಾವಿನ ಗಿಡ ಈ ಸಲ ಹೂ ಬಿಟ್ಟೈತಿ” ಎನ್ನುತ್ತಾರೆ. ಅತ್ತಿ ಬೊಮ್ಮನಹಳ್ಳಿಗೆ ದಾಟಿಸುವಾಗ ಹಿತ್ತಲು ಬಿದ್ದುಹೋಗುತ್ತದೆ: “ಕೂಡ್ಲಿಗೇರ ಮಾವು ಹೂ ಬಿಟ್ಟೈತಂತ.” ಇದು ಲೋಪ. ಕಾಕಾ ಹಡಗಲಿಗೆ ಹೇಳುವಾಗ, “ಮಸ್ತ್ ಹೂ ಬಿಟ್ಟೈತಂತ, ಈ ಸಲ ಮಾರಾಕ ಕೊಡ್ತಾರಂತ.” ಇದು ಆಗಮ. ಆ ಹೊತ್ತಿಗೆ ಚಿಗವ್ವನ ಮನೆಯಲ್ಲಿ ಮಿಕ್ಸಿ ತಿರುಗುತ್ತಿರುತ್ತದೆ. ಆಕೆ ಹರಪನಹಳ್ಳಿಗೆ ಹೇಳುವುದು, “ಕೂಡ್ಲಿಗ್ಯಾಗ ಹೊಲ ಮಾರಾಕ ಹತ್ಯಾರಂತ.” ಆದೇಶ ಸಂಪನ್ನವಾಯಿತು. ಮಧ್ಯಾಹ್ನದ ಊಟಕ್ಕೆ ಮೊದಲು ಮಾವನ ಫೋನು ದೊಡ್ಡಪ್ಪನಿಗೇ ಬರುತ್ತದೆ: “ಹೊಲ ಮಾರೋ ಮುಂದ ನಮಗೊಂದ್ ಮಾತು ಹೇಳಬಾರದಾ? ನಾವೇನು ಹೊರಗಿನವರಾ?”

ದೊಡ್ಡಪ್ಪ ಹೊಲದ ವಿಷಯ ಬಿಡಿಸಿ ಹೇಳಲು ಹೋಗುವುದಿಲ್ಲ. ಅವರಿಗೆ ಗೊತ್ತು, ಮಾವನ ನೋವು ಹೊಲದ್ದಲ್ಲ, ಸರದಿಯದ್ದು. ಇಲ್ಲಿಂದ ಈ ಶಾಸ್ತ್ರದ ಏಕೈಕ ಸೂತ್ರ ಹೊರಡುತ್ತದೆ.

ಸೂತ್ರ: ಸುದ್ದಿಯ ಬೆಲೆ ಸುದ್ದಿಯೊಳಿಲ್ಲಂ, ಕೇಳ್ದ ಸರದಿಯೊಳಿರ್ಪುದು.

ವೃತ್ತಿ: ಮಾವಿನ ಹೂವು ಐದು ತಾಲ್ಲೂಕಿನಲ್ಲೂ ಒಂದೇ ಹೊತ್ತಿಗೆ ಬಿಟ್ಟಿರುತ್ತದೆ, ಅದು ಯಾರಿಗೂ ಹೊಸ ಸುದ್ದಿಯಲ್ಲ. ಆದರೆ ಮೊದಲು ಕೇಳಿದವರು ಹತ್ತಿರದವರು, ಎರಡನೆಯವರು ನೆಂಟರು, ಐದನೆಯವರು ಮದುವೆ ಪತ್ರಿಕೆಯನ್ನು ಅಂಚೆಯಲ್ಲಿ ಪಡೆಯುವವರು.

ಕೇಶಿರಾಜನ ಹಾದಿ ಹಿಡಿದವರಿಗೆ ಇನ್ನೊಂದು ನಿಯಮ ನೆನಪಿರಬಹುದು. ಕೆಲವು ಕಡೆ ಸಂಧಿ ಆಗುವುದೇ ಇಲ್ಲ. ‘ಅಬ್ಬಾ’, ‘ಅಯ್ಯೋ’ ಎಂಬ ಉದ್ಗಾರಗಳ ಮುಂದೆ ಯಾವ ಸ್ವರ ಬಂದರೂ ಅವು ಇದ್ದ ಹಾಗೇ ಇರುತ್ತವೆ. ಅದಕ್ಕೆ ಪ್ರಕೃತಿಭಾವ ಎಂದು ಹೆಸರು. ಸುದ್ದಿಯಲ್ಲಿ ಪ್ರಕೃತಿಭಾವ ಉಂಟೇ? ಉಂಟು. ಅದರ ಮಾತು ಮುಂದೆ ಬರುತ್ತದೆ.

ಕಾರ್ಣಿಕಾಧಿಕರಣ

ಫೋನಿನಲ್ಲಿ ಮಾತು ಬಹಳ, ಸುದ್ದಿ ಕಡಿಮೆ. ಇದಕ್ಕೆ ತದ್ವಿರುದ್ಧವಾದದ್ದು ಹಡಗಲಿ ತಾಲ್ಲೂಕಿನ ಮೈಲಾರದಲ್ಲಿದೆ. ಭರತ ಹುಣ್ಣಿಮೆ ಕಳೆದ ಮೇಲೆ ಡೆಂಕನ ಮರಡಿಯಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. “ಸದ್ದಲೇ!” ಎನ್ನುತ್ತಾನೆ. ಅಷ್ಟು ಜನರ ಬಯಲು ಗಪ್ಪಾಗುತ್ತದೆ. ಆಮೇಲೆ ಒಂದೇ ಒಂದು ವಾಕ್ಯ, ಅದೇ ಕಾರ್ಣಿಕ. ವಾಕ್ಯ ಮುಗಿಯುತ್ತಲೇ ಆತ ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ನಾಲ್ಕಾರು ಪದಗಳಲ್ಲಿ ಆ ವರ್ಷದ ಮಳೆ, ಬೆಳೆ, ರೋಗ, ರಾಜಕೀಯ ಎಲ್ಲವೂ ಅಡಗಿದೆಯೆಂದು ನಂಬಿಕೆ.

ಸುದ್ದಿಯನ್ನು ಇಷ್ಟು ಚಿಕ್ಕದಾಗಿ ಕಟ್ಟಿದವರು ಬೇರೆಲ್ಲೂ ಇರಲಾರರು. ಬಿಚ್ಚುವ ಕೆಲಸ ಬಳಗದ್ದು. ಕಾರ್ಣಿಕ ಕೇಳಿದ ಹಡಗಲಿ ಚಿಗವ್ವನ ಮನೆಯಿಂದ ಅದು ಐದು ನಿಮಿಷದಲ್ಲಿ ಐದು ತಾಲ್ಲೂಕು ಮುಟ್ಟುತ್ತದೆ. ದೊಡ್ಡಪ್ಪ ಅದು ಶೇಂಗಾದ ಬಗ್ಗೆ ಎನ್ನುತ್ತಾರೆ. ಕಾಕಾ ಮುಖ್ಯಮಂತ್ರಿಯ ಬಗ್ಗೆ ಎನ್ನುತ್ತಾನೆ. ಮಾವ ಎರಡೂ ಒಂದೇ ಎನ್ನುತ್ತಾರೆ. ವರ್ಷ ಮುಗಿಯುವ ಹೊತ್ತಿಗೆ ಮೂವರೂ ತಾವು ಹೇಳಿದ್ದೇ ಆಯಿತೆಂದು ಸಾಧಿಸಿರುತ್ತಾರೆ. ಅಷ್ಟರಲ್ಲಿ ಇನ್ನೊಂದು ಭರತ ಹುಣ್ಣಿಮೆ ಬರುತ್ತದೆ. ಒಂದು ವಾಕ್ಯದಿಂದ ಹನ್ನೆರಡು ತಿಂಗಳ ಫೋನು ನಡೆಸುವ ಈ ಮಿತವ್ಯಯವನ್ನು ಮೊಬೈಲ್ ಕಂಪನಿಗಳು ಇನ್ನೂ ಗಮನಿಸಿದಂತಿಲ್ಲ.

ಇದೇ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಲ್ಲೂ ಜಾತ್ರೆ. ಅದಾಗಿ ಮಾಘ ಬಹುಳದ ಮೂಲಾ ನಕ್ಷತ್ರಕ್ಕೆ ಕೊಟ್ಟೂರು ಗುರುಬಸವೇಶ್ವರನ ತೇರು. ದಾವಣಗೆರೆ ಕಡೆಯಿಂದ ಜನ ಹಗಲುರಾತ್ರಿ ನಡೆದು ಬರುತ್ತಾರೆ. ತೇರಿನ ದಿನ ಕೊಟ್ಟೂರತ್ತಿಯ ಮನೆ ಮನೆಯಲ್ಲ, ಛತ್ರ. ಆಕೆ ವರ್ಷವಿಡೀ ಫೋನಿನಲ್ಲಿ “ತೇರಿಗೆ ಬರ್ರಿ” ಎಂದು ಕರೆದದ್ದಕ್ಕೆ ಜನ ಬಂದೇಬಿಟ್ಟಿರುತ್ತಾರೆ. ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಎಲ್ಲರೂ ಒಂದೇ ಜಮಖಾನದ ಮೇಲೆ ಕೂತಾಗ ಒಂದು ವಿಚಿತ್ರ ಕಾಣಿಸುತ್ತದೆ: ಹೇಳಲು ಯಾರಲ್ಲೂ ಸುದ್ದಿಯಿಲ್ಲ. ಎಲ್ಲವೂ ಫೋನಿನಲ್ಲಿ ಮುಗಿದಿದೆ. ಆಗ ಅತ್ತಿ ಹಳೆಯದನ್ನೇ ಮತ್ತೆ ಮೊದಲಿಂದ ಶುರು ಮಾಡುತ್ತಾಳೆ, ಎಲ್ಲರೂ “ಹೌದಾ!” ಎನ್ನುತ್ತಾರೆ.

2017ರ ಫೆಬ್ರುವರಿ 21ರ ತೇರನ್ನು ಮಾತ್ರ ಯಾರೂ ಹಾಗೆ ಹೇಳುವುದಿಲ್ಲ. ಅಂದು ಎಳೆಯುತ್ತಿದ್ದಾಗಲೇ ರಥ ಉರುಳಿತು, ಹಲವರಿಗೆ ಪೆಟ್ಟಾಯಿತು. ದೂರದ ಊರುಗಳಲ್ಲಿದ್ದ ಕೊಟ್ಟೂರಿನವರು ಅದನ್ನು ಮೊದಲು ಕಂಡದ್ದು ಟಿವಿಯಲ್ಲಿ. ಆಮೇಲೆ ಫೋನು ಹಚ್ಚಿದರೆ ಎಲ್ಲ ಲೈನೂ ಬ್ಯುಸಿ. ಸರದಿಯ ಸೂತ್ರ ಅಂಥ ಸಂಜೆಗೆ ಅನ್ವಯಿಸುವುದಿಲ್ಲ. ಯಾರು ಎತ್ತಿದರೂ ಸಾಕಾಗಿರುತ್ತದೆ.

ದೇವರುಗಳದ್ದೂ ಚೆಲ್ಲಿಹೋದ ಬಳಗವೇ ಎಂಬುದನ್ನು ಇಲ್ಲಿ ಹೇಳಬೇಕು. ಕೊಟ್ಟೂರಿನ ಗುರುಬಸವೇಶ್ವರ, ಕೂಲಹಳ್ಳಿಯ ಮದ್ದಾನೇಶ್ವರ, ಹರಪನಹಳ್ಳಿಯ ಕೆಂಪೇಶ್ವರ, ಅರಸೀಕೆರೆಯ ಕೋಲಶಾಂತೇಶ್ವರ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇಸ್ವಾಮಿ, ಈ ಐವರನ್ನು ಪಂಚಗಣಾಧೀಶರೆನ್ನುತ್ತಾರೆ. ಒಟ್ಟಿಗಿದ್ದವರು ಒಂದೊಂದು ಊರು ಹಿಡಿದು ನೆಲೆಸಿದರೆಂದು ಭಕ್ತರ ನಂಬಿಕೆ. ಒಬ್ಬರ ತೇರು ಮುಗಿದು ಇನ್ನೊಬ್ಬರದು ಬರುವಷ್ಟರಲ್ಲಿ ನೆಂಟರ ಬಟ್ಟೆ ಒಗೆದು ಒಣಗಿರುತ್ತದೆ. ಪ್ರಬಂಧಕಾರನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಸಾರಿಗೆ ಇಲಾಖೆಯಲ್ಲೂ ಇಲ್ಲ.

ಪುಷ್ಪವಾಹನ ಪ್ರಕರಣ

ಸುದ್ದಿಗೆ ವಾಹನಗಳು ಹಲವು. 1879ರ ಜುಲೈ 1ಕ್ಕೆ ಕಾಲಾಣೆಯ ಪೋಸ್ಟ್ ಕಾರ್ಡು ಬಂತು. “ಉಭಯ ಕುಶಲೋಪರಿ ಸಾಂಪ್ರತ” ಎಂದು ಶುರುವಾಗಿ, “ಇತ್ತ ಕ್ಷೇಮ, ಅತ್ತ ಕ್ಷೇಮಕ್ಕೆ ಪತ್ರ ಬರೆಯುತ್ತಿರಿ” ಎಂದು ಮುಗಿದರೆ ಕಾರ್ಡಿನ ಮುಕ್ಕಾಲು ತುಂಬುತ್ತಿತ್ತು. ಉಳಿದ ಕಾಲು ಭಾಗದಲ್ಲಿ, ಅಂಚಿನಲ್ಲಿ ಅಡ್ಡಡ್ಡವಾಗಿ, ನಿಜವಾದ ವಿಷಯ: ಆಕಳು ಈದದ್ದು, ಹುಣಸೆ ಬಡಿಸಿದ್ದು, ಯಾರಿಗೋ ಹೆಣ್ಣು ನೋಡಿದ್ದು. ಈಗ ವಾಟ್ಸಾಪ್ ಗುಂಪು ಬಂದಿದೆ. ಒಂದು ಗುಂಪಿನಲ್ಲಿ 1024 ಜನ ಇರಬಹುದಂತೆ. ಬಳಗಕ್ಕೆ ಅದು ಸಾಲುವುದಿಲ್ಲವೆಂದು ಅತ್ತಿಯ ದೂರು. ಸೂತ್ರಕ್ಕೆ ಗುಂಪಿನಿಂದ ದೊಡ್ಡ ಅಪಾಯ ಒದಗಿದೆ: ಗುಂಪಿಗೆ ಹಾಕಿದ ಸುದ್ದಿ ಎಲ್ಲರಿಗೂ ಒಟ್ಟಿಗೇ ತಲುಪಿಬಿಡುತ್ತದೆ, ಆಗ ಮೊದಲು ಕೇಳಿದವರು ಯಾರು? ಬಳಗ ಇದಕ್ಕೆ ಉಪಾಯ ಕಂಡುಕೊಂಡಿದೆ. ಗುಂಪಿಗೆ ಹಾಕುವ ಮೊದಲು ಬೇಕಾದವರಿಗೆ ಬೇರೆಯಾಗಿ ಫೋನು ಮಾಡಿ, “ಗ್ರೂಪಿಗೆ ಇನ್ನೂ ಹಾಕಿಲ್ಲ, ನಿಮಗs ಮೊದಲು ಹೇಳಾಕ ಹತ್ತೀನಿ” ಎನ್ನುವುದು. ಈ ಮಾತನ್ನು ಒಂದೇ ಬೆಳಗ್ಗೆ ಐದು ಜನಕ್ಕೆ ಹೇಳಬಲ್ಲವರು ಹಡಗಲಿ ಚಿಗವ್ವ.

ಆಕೆಯ ಬಳಿ ಇನ್ನೂ ಒಂದು ಅಸ್ತ್ರವಿದೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಮೈಸೂರು ಮತ್ತು ಉಡುಪಿ ಮಲ್ಲಿಗೆಗಳ ಸಾಲಿನಲ್ಲೇ. ವಿಜಯನಗರದ ಕಾಲದಲ್ಲಿ ಇಲ್ಲಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹಂಪಿಗೆ ಹೂವು ಹೋಗುತ್ತಿತ್ತು, ಅದಕ್ಕೇ ಊರಿಗೆ ಈ ಹೆಸರು ಎಂದು ಸ್ಥಳೀಯರು ಹೇಳುತ್ತಾರೆ. ಈಗ ಹಡಗಿನ ಜಾಗದಲ್ಲಿ ಕೆಂಪು ಬಸ್ಸು. ಬೇಸಗೆ ಏರುತ್ತಿದ್ದಂತೆ ಮಲ್ಲಿಗೆಯ ಇಳುವರಿಯೂ ಏರುತ್ತದೆ. ಬಿಸಿಲು ಬಲಿಯುವ ಮೊದಲು ಬಿಡಿಸಿದ ಮೊಗ್ಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನ ಕಂಡಕ್ಟರಿಗೆ “ಕೊಟ್ಟೂರಾಗ ಇಳಿಸ್ರಿ, ನಮ್ಮ ಅಳಿಯ ಬಂದಿರ್ತಾನ” ಎಂದು ಕೊಟ್ಟರಾಯಿತು.

ಮೊಗ್ಗು ಹಡಗಲಿಯಲ್ಲಿ ಬಿಗಿಯಾಗಿರುತ್ತದೆ, ಕೊಟ್ಟೂರಿನಲ್ಲಿ ಬಿರಿಯುತ್ತದೆ. ಬಿರಿದ ಮಟ್ಟ ನೋಡಿಯೇ ಅತ್ತಿ ಬಸ್ಸು ಎಷ್ಟು ತಡವಾಯಿತೆಂದು ಹೇಳಬಲ್ಲಳು. ಪೊಟ್ಟಣದಲ್ಲಿ ಚೀಟಿ ಇರುವುದಿಲ್ಲ. ಆದರೆ ಎಷ್ಟು ಮಾರು ಬಂತು ಎಂಬುದರಲ್ಲಿ ಎಲ್ಲ ಇದೆ. ಹೋದ ವರ್ಷ ನಾಲ್ಕು ಮಾರು ಬಂದದ್ದು ಈ ವರ್ಷ ಎರಡು ಮಾರು ಬಂದರೆ, ಇಳುವರಿ ಇಳಿದಿದೆಯೋ ಪ್ರೀತಿ ಇಳಿದಿದೆಯೋ ಎಂಬ ಬಗ್ಗೆ ಕೊಟ್ಟೂರಿನಲ್ಲಿ ಒಂದು ವಾರ ಚರ್ಚೆ. ಕೊನೆಗೆ ಫೋನು ಮಾಡಿ ಕೇಳುವುದು ಮಾತ್ರ, “ಊಟ ಆತಾ?”

ಹಗರಿಬೊಮ್ಮನಹಳ್ಳಿಯ ಕಾಕಾನಿಗೆ ಕಳಿಸಲು ಹೂವಿಲ್ಲ. ಅವನ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹಕ್ಕಿಗಳು ಬರುತ್ತವೆ, ಬಣ್ಣದ ಕೊಕ್ಕರೆಗಳು ಅಲ್ಲಿನ ಜಾಲಿಮರಗಳಲ್ಲಿ ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ವಲಸೆ ಹಕ್ಕಿಗಳು ಬಿಸಿಲು ಏರಿದಂತೆ ಹೊರಟುಹೋಗುತ್ತವೆ. ಮೊದಲೇ ಫೋನು ಮಾಡದೆ ಬಂದು, ಹೇಳದೆ ಹೋಗುವ ನೆಂಟರು ಇವು ಮಾತ್ರ ಎಂದು ಕಾಕಾನಿಗೆ ಅವುಗಳ ಮೇಲೆ ಒಂದು ಬಗೆಯ ಗೌರವ.

ಪ್ರಕೃತಿಭಾವ ಪ್ರಕರಣ

ಲೋಪವಿಲ್ಲದೆ, ಆಗಮವಿಲ್ಲದೆ, ಆದೇಶವಿಲ್ಲದೆ, ಹೊರಟ ಹಾಗೆಯೇ ತಲುಪುವ ಸುದ್ದಿ ಒಂದಿದೆ ಎಂದು ಹೇಳಿದ್ದೆವಲ್ಲ. ಅದು ಎರಡು ಪದದ್ದು: “ಮಳಿ ಬಂತು.”

ಈ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ, ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡಗಳಿಗೆ. ಮನೆಯಲ್ಲಿ ಮುದುಕರು, ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಯಾರೂ ಉಳಿಯದ ಮನೆಯ ಬಾಗಿಲಿಗೆ ಬೀಗ, ಬೀಗದ ಕೈ ಪಕ್ಕದ ಮನೆಯಲ್ಲಿ. ಮಾದರಿ ಕುಟುಂಬದಲ್ಲೂ ಹರಪನಹಳ್ಳಿ ಮಾವನ ತಮ್ಮನ ಮನೆಯವರು ಮೂಡಿಗೆರೆಯ ತೋಟದ ಲೈನ್‌ಮನೆಯಲ್ಲಿದ್ದಾರೆ. ಅವರ ಫೋನು ಮೂರು ನಿಮಿಷ ಮೀರುವುದಿಲ್ಲ. ಬೆಟ್ಟದ ಮೇಲೆ ಹತ್ತಿದರೆ ಸಿಗ್ನಲ್ಲು, ಇಳಿದರೆ ಇಲ್ಲ.

ಅಲ್ಲಿಯೂ ಕೇಳುವುದು ಮಳೆಯನ್ನೇ, ಇಲ್ಲಿಯೂ ಕೇಳುವುದು ಮಳೆಯನ್ನೇ. ಆದರೆ ಎರಡೂ ಒಂದೇ ಮಳೆಯಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ತೋಟದಲ್ಲಿ ಬೀಳುವುದು ಹೂಮಳೆ. ಅದು ಬಿದ್ದ ವಾರಕ್ಕೆಲ್ಲ ಕಾಫಿ ಗಿಡ ಬೆಳ್ಳಗೆ ಹೂ ಬಿಡುತ್ತದೆ. ಬೀಳದಿದ್ದರೆ ಮುಂದಿನ ಹಂಗಾಮಿಗೆ ಕೊಯ್ಯಲು ಹಣ್ಣು ಕಡಿಮೆ, ಕೆಲಸವೂ ಕಡಿಮೆ. ಊರಿನಲ್ಲಿ ಕಾಯುವುದು ಏಪ್ರಿಲ್ ನಡುವಿನ ಅಶ್ವಿನಿಯನ್ನು, ಅದರ ಬೆನ್ನಿಗೆ ಬರುವ ಭರಣಿಯನ್ನು. ಅದು ಬಿದ್ದರೆ ಮಾಗಿ ಹೊಡೆದಿಟ್ಟ ಹೊಲ ಹದವಾಗುತ್ತದೆ, ಊರಿಗೆ ಮರಳುವ ದಿನ ಗೊತ್ತಾಗುತ್ತದೆ.

“ಮಳಿ ಬಂತಾ?”

“ಇಲ್ಲ. ನಿಮ್ಮ ಕಡಿ?”

“ಇಲ್ಲಿ ಬಂತು. ಹೂ ಬಿಟ್ಟೈತಿ.”

“ಹೌದಾ. ಹುಡುಗಿ ಪರೀಕ್ಷಿ ಮುಗೀತು. ಚಲೋ ಬರ್ದೀನಿ ಅಂತಾಳ.”

“ನೀರು?”

“ದಿನಾ ಬಿಟ್ಟು ದಿನಾ ಟ್ಯಾಂಕರ್ ಬರ್ತೈತಿ.”

ಇದಿಷ್ಟೇ. ಮಾಲಿನೋವ್‌ಸ್ಕಿಯ ಪ್ರಕಾರ ಹವಾಮಾನದ ಮಾತು ಅರ್ಥವಿಲ್ಲದ, ನಂಟಿಗಾಗಿ ಆಡುವ ಮಾತು. ಲಂಡನ್ನಿನಲ್ಲಿ ಇರಬಹುದು. ಹರಪನಹಳ್ಳಿ ತಾಲ್ಲೂಕಿನಲ್ಲಿ ಹವಾಮಾನವೇ ವಿಷಯ, ಊಟ ಆಯಿತಾ ಎಂಬುದು ಅದರ ಇನ್ನೊಂದು ರೂಪ. ಪ್ರಬಂಧಕಾರ ಇಲ್ಲಿ ಪೂರ್ವಪಕ್ಷಕ್ಕೆ ಉತ್ತರ ಕೊಟ್ಟುಬಿಟ್ಟಿದ್ದಾನೆ. ಮೊದಲು ಕೊಡುವುದಿಲ್ಲವೆಂದಿದ್ದನ್ನು ದಯವಿಟ್ಟು ಮರೆಯಬೇಕು.

ಚಂದ್ರವಿವಾದ

ಅನುಬಂಧವಾಗಿ ಒಂದು ಬಗೆಹರಿಯದ ಸಮಸ್ಯೆ.

ಯುಗಾದಿಯ ಬೇವುಬೆಲ್ಲ, ಹೋಳಿಗೆ ಮುಗಿದ ಮೇಲೆ ಚಂದ್ರನನ್ನು ನೋಡಬೇಕು. ನೋಡಿದವರು ಹಿರಿಯರ ಕಾಲಿಗೆ ಬೀಳಬೇಕು. ಹಿರಿಯರು ಬೇರೆ ಊರಲ್ಲಿದ್ದರೆ ಫೋನಿನಲ್ಲೇ ಬೀಳಬೇಕು. ಪಾಡ್ಯದ ಸಂಜೆ ಆ ಗೆರೆ ಎಷ್ಟು ಸಣ್ಣದೆಂದರೆ ಬಹಳ ಸಲ ಕಾಣುವುದೇ ಇಲ್ಲ, ಬಿದಿಗೆಯ ತನಕ ಕಾಯಬೇಕಾಗುತ್ತದೆ. ಆದ್ದರಿಂದ ಮೊದಲು ಕಂಡವರಿಗೆ, ಕಂಡದ್ದನ್ನು ಮೊದಲು ಹೇಳಿದವರಿಗೆ ಮಾನ ಹೆಚ್ಚು. ಐದೂ ಮನೆಯವರು ಮಾಳಿಗೆ ಹತ್ತಿ ಪಡುವಣಕ್ಕೆ ಮುಖ ಮಾಡಿ ಫೋನು ಹಿಡಿದು ನಿಲ್ಲುತ್ತಾರೆ.

ಕೂಡ್ಲಿಗಿ ದೊಡ್ಡಪ್ಪನ ವಾದಕ್ಕೆ ಭೂಗೋಳದ ಬೆಂಬಲವಿದೆ. ಕೂಡ್ಲಿಗಿ ಹಡಗಲಿಗಿಂತ ಸುಮಾರು ಅರ್ಧ ಡಿಗ್ರಿ ಮೂಡಣಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಅಂದರೆ ಹೊತ್ತು ಮೊದಲು ಮುಳುಗುವುದು ಕೂಡ್ಲಿಗಿಯಲ್ಲಿ, ಹಡಗಲಿಗೆ ಕತ್ತಲು ಬರುವುದು ಎರಡು ನಿಮಿಷ ತಡವಾಗಿ. ಚಂದ್ರ ಮೊದಲು ತಮಗೇ ಕಾಣಬೇಕು ಎಂದು ದೊಡ್ಡಪ್ಪ. ಹಡಗಲಿ ಚಿಗವ್ವನ ಮಗ ವಿಜ್ಞಾನದ ಮೇಷ್ಟ್ರು. ಪಡುವಣಕ್ಕೆ ಹೋದಷ್ಟೂ ಚಂದ್ರನಿಗೆ ವಯಸ್ಸಾಗಿರುತ್ತದೆ, ಗೆರೆ ದಪ್ಪವಾಗಿರುತ್ತದೆ, ಆದ್ದರಿಂದ ಹಡಗಲಿಗೇ ಚೆನ್ನಾಗಿ ಕಾಣಬೇಕು ಎಂದು ಅವನ ಪ್ರತಿವಾದ. ಎರಡು ನಿಮಿಷದಲ್ಲಿ ಎಷ್ಟು ವಯಸ್ಸಾಗುತ್ತದೆ ಎಂದು ಮಾವ ಕೇಳಿದರು. ಇಬ್ಬರೂ ಉತ್ತರ ಹೇಳಲಿಲ್ಲ. ಆ ಸಂಜೆ ಐದು ತಾಲ್ಲೂಕಿನಲ್ಲೂ ಚಂದ್ರ ಕಾಣಲಿಲ್ಲ.

ಮೇಷ್ಟ್ರ ತರ್ಕವನ್ನು ತುದಿಯ ತನಕ ಎಳೆದರೆ ಅದು ಅಮೆರಿಕ ಮುಟ್ಟುತ್ತದೆ. ಅಲ್ಲಿ ಪಾಡ್ಯದ ಸಂಜೆ ಆಗುವಾಗ ಇಲ್ಲಿ ಬಿದಿಗೆಯ ಬೆಳಗು. ಅಷ್ಟರಲ್ಲಿ ಚಂದ್ರನಿಗೆ ಅರ್ಧ ದಿನದ ವಯಸ್ಸು ಕೂಡಿರುತ್ತದೆ. ದೊಡ್ಡಪ್ಪನ ಮೊಮ್ಮಗ ಅಲ್ಲಿ ಕೆಲಸ ಮುಗಿಸಿ ಕಾರು ನಿಲ್ಲಿಸುವ ಜಾಗದಲ್ಲಿ ತಲೆಯೆತ್ತಿದಾಗ ಗೆರೆ ಸ್ಪಷ್ಟವಾಗಿ ಕಂಡಿತು. ಫೋಟೊ ತೆಗೆದ.

ಕೂಡ್ಲಿಗಿಯಲ್ಲಿ ಆಗ ಬೆಳಗಿನ ಚಹಾದ ಹೊತ್ತು. ಬಳಗದ ಗುಂಪಿನಲ್ಲಿ ಚಂದ್ರ ಮೂಡಿದ. ಆದರೆ ಕಳಿಸಿದ್ದು ಮೊಮ್ಮಗನಲ್ಲ, ಕೊಟ್ಟೂರತ್ತಿ. ಚಿತ್ರದ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಫಾರ್ವರ್ಡೆಡ್’ ಎಂದಿತ್ತು. ಮೊಮ್ಮಗನಿಗೆ ಹೆಣ್ಣು ಕೊಟ್ಟ ದಾವಣಗೆರೆಯ ಬೀಗರ ಮನೆಯಿಂದ ಅವರ ಕೊಟ್ಟೂರಿನ ನೆಂಟರಿಗೆ, ಅಲ್ಲಿಂದ ಅತ್ತಿಗೆ ಬಂದ ಚಂದ್ರ ಅದು.

ದೊಡ್ಡಪ್ಪ ಕನ್ನಡಕ ಏರಿಸಿ ಆ ಪದವನ್ನು ಎರಡು ಸಲ ಓದಿದರು. ಚಹಾದ ಲೋಟ ಕೆಳಗಿಟ್ಟು ಅಮೆರಿಕಕ್ಕೆ ಫೋನು ಹಚ್ಚಿದರು.

“ತಾತಾ, ಆಶೀರ್ವಾದ ಮಾಡ್ರಿ. ಚಂದ್ರ ಕಂಡ.”

“ಆಶೀರ್ವಾದ ಇರ್ಲಿ. ಮೊದಲು ಮಾವನ ಮನಿಗೆ ಕಳಿಸಿದೇನು?”

ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಆಮೇಲೆ ಮೊಮ್ಮಗ ಕೇಳಿದ.

“ತಾತಾ, ಚಾ ಆತಾ?”